ಏಳುನೂರ ಹನ್ನೊಂದು ಮಡಿಸಿದ ಮೂಲೆಗಳು

ಅವಳು ಬಾಗಿಲು ತಳ್ಳಿದಾಗ ಅಪರಿಚಿತನೊಬ್ಬ ದೊಡ್ಡಮ್ಮನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ನಗುತ್ತಿದ್ದ.

ಮುಸಿಮುಸಿ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂಥ ನಗು.

ಅವಳಿಗೆ ಪಿತ್ತ ನೆತ್ತಿಗೇರಿತು.

ನಿಘಂಟು ಕಚೇರಿಯ ಆ ಹಿಂದಿನ ಕೋಣೆಗೆ ಅವಳನ್ನು ಬಿಟ್ಟು ಬೇರೆ ಯಾರೂ ಬರುತ್ತಿರಲಿಲ್ಲ. ನಾಲ್ಕು ಗೋಡೆಗೂ ಕಪಾಟು, ಕಪಾಟಿನ ತುಂಬ ಉದ್ದನೆಯ ಮರದ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಅಂಗೈಯಗಲದ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದು ಇಂಗ್ಲಿಷ್ ಪದ, ಅದರ ಕೆಳಗೆ ಕನ್ನಡದ ಅರ್ಥ, ಅದಕ್ಕೊಂದು ಉದಾಹರಣೆ. ಅವನ್ನೆಲ್ಲ ಜೋಡಿಸಿ, ತಿದ್ದಿ, ಕಾಪಾಡುವುದು ಅವಳ ಕೆಲಸ. ಕಚೇರಿಯಲ್ಲಿ ಎಲ್ಲರಿಗೂ ಅವಳು ಚೀಟಿ ಮೇಡಂ. ಮನೆಯಲ್ಲಿ ಮಾತ್ರ, ಇಪ್ಪತ್ತೊಂಬತ್ತು ತುಂಬಿದ ಮೇಲೂ, ಪುಟ್ಟಿ.

"ಆ ಪೆಟ್ಟಿಗೆ ಮುಟ್ಟೋಕೆ ನಿಮಗೆ ಹೇಳಿದ್ದು ಯಾರು?"

ಅವನು ಗಡಬಡಿಸಿ ಎದ್ದ. ಎದ್ದರೂ ಕೈಯಲ್ಲಿದ್ದ ಚೀಟಿಯನ್ನು ಬಿಡಲಿಲ್ಲ. ಕ್ಷಮಿಸಬೇಕು, ತಡೆಯೋಕೆ ಆಗಲಿಲ್ಲ ಎನ್ನುತ್ತ ಅದನ್ನು ಅವಳತ್ತ ಚಾಚಿದ. 'ಫಜಲ್' ಎಂಬ ಪದ. ಇನ್ನೂರು ಚಿಲ್ಲರೆ ವರ್ಷ ಹಿಂದಿನದು, ಈಗ ಇಂಗ್ಲಿಷರಿಗೇ ಮರೆತುಹೋಗಿದೆ. ಕೆಲಸ ಮಾಡುವಂತೆ ನಟಿಸುತ್ತ ಏನೂ ಮಾಡದಿರುವುದು ಎಂದು ಅರ್ಥ. ಕೆಳಗೆ ದೊಡ್ಡಮ್ಮನ ಗುಂಡು ಅಕ್ಷರದಲ್ಲಿ ಉದಾಹರಣೆ: 'ನನ್ನ ತಂಗಿಯ ಗಂಡ ಭಾನುವಾರ ಜೇಡರಬಲೆ ತೆಗೆಯುವುದು.'

"ಈ ತಂಗಿಯ ಗಂಡ ಯಾರೋ, ಪಾಪ..." ಎಂದ ಅವನು, ಇನ್ನೂ ಕಣ್ಣೊರೆಸಿಕೊಳ್ಳುತ್ತ.

"ನಮ್ಮಪ್ಪ."

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಅವನೇ ಹೊಸ ಸಂಪಾದಕನೆಂದು ಅವಳಿಗೆ ಗೊತ್ತಾಗಿದ್ದು ಹತ್ತು ನಿಮಿಷದ ಮೇಲೆ. ಹಿಂದಿನ ಹಿರಿಯ ಸಂಪಾದಕರು ನಿವೃತ್ತರಾಗಿದ್ದರು. ನಿಘಂಟಿನ ಹೊಸ ಆವೃತ್ತಿ ಹೊರಬರಬೇಕಿತ್ತು, ಅದೂ ಮೊದಲಿಗಿಂತ ತೆಳ್ಳಗೆ. ಹಳೆಯ ಪದಗಳನ್ನು ಅರ್ಧಕ್ಕರ್ಧ ತೆಗೆದುಹಾಕಿ ಎಂದು ಸಮಿತಿ ಅಪ್ಪಣೆ ಕೊಟ್ಟಿತ್ತು. ಆ ಕೆಲಸಕ್ಕೆಂದೇ ಇವನನ್ನು ಒಂದು ಮುದ್ರಣಾಲಯದಿಂದ ಕರೆಸಿದ್ದರು. ಮೂರು ತಿಂಗಳು ಬರೀ ಓದುತ್ತೇನೆ, ಒಂದು ಗುರುತೂ ಹಾಕುವುದಿಲ್ಲ, ಆಮೇಲೆ ಒಂದೇ ಸಲ ತೀರ್ಮಾನ ಎಂದು ಅವನು ಹೇಳಿಬಿಟ್ಟ.

ಅಂದರೆ ದೊಡ್ಡಮ್ಮನ ಪೆಟ್ಟಿಗೆಯ ಜುಟ್ಟು ಈಗ ಈ ನಗುವ ಮನುಷ್ಯನ ಕೈಯಲ್ಲಿತ್ತು.

ದೊಡ್ಡಮ್ಮ ಅವಳ ಅಮ್ಮನ ಅಕ್ಕ. ದೂರವಾಣಿ ಕೇಂದ್ರದಲ್ಲಿ ಮೂವತ್ತೆರಡು ವರ್ಷ ಬೇರೆಯವರ ಮಾತಿಗೆ ತಂತಿ ಜೋಡಿಸಿ, ತನ್ನ ಮದುವೆಗೆ ಮಾತ್ರ ಪುರಸೊತ್ತಿಲ್ಲ ಎಂದು ಹೇಳಿಕೊಂಡೇ ಕಾಲ ಕಳೆದವಳು. ಕರೆ ಬಾರದ ಹೊತ್ತಿನಲ್ಲಿ ಗ್ರಂಥಾಲಯದ ಹಳೇ ಇಂಗ್ಲಿಷ್ ಪುಸ್ತಕಗಳನ್ನು ಓದುತ್ತಿದ್ದಳು. ಯಾರೂ ಬಳಸದ ಪದ ಕಂಡರೆ ಸಾಕು, ಒಂದು ಚೀಟಿ. ಹಾಗೆ ಕೂಡಿದ್ದು ಏಳುನೂರ ನಲವತ್ತೆರಡು. ಕಾಲೇಜಿಗೆ ಹತ್ತಿರವೆಂದು ಅವಳ ಮನೆಗೆ ಬಂದ ಪುಟ್ಟಿ ಅಲ್ಲೇ ಉಳಿದುಬಿಟ್ಟಿದ್ದಳು. ಪದಗಳ ಹುಚ್ಚು ಹತ್ತಿದ್ದೂ ಅಲ್ಲೇ. ಕೆಲಸ ಸಿಕ್ಕ ಮೇಲೆ ಆ ಪೆಟ್ಟಿಗೆಯನ್ನು ನಿಘಂಟಿಗೆಂದು ಕಚೇರಿಗೆ ತಂದಿಟ್ಟವಳೂ ಅವಳೇ.

ಈಗ ದೊಡ್ಡಮ್ಮನ ಕಣ್ಣು ಮಂಜಾಗುತ್ತಿತ್ತು. ಕನ್ನಡಕದಿಂದ ಸರಿಹೋಗುವ ತೊಂದರೆಯಲ್ಲ. ವರ್ಷದ ಕೊನೆಯವರೆಗೆ ದಪ್ಪ ಅಕ್ಷರ ಓದಬಹುದು, ಅದರಾಚೆ ನಾನು ಮಾತು ಕೊಡಲಾರೆ ಎಂದಿದ್ದರು ಕಣ್ಣಿನ ವೈದ್ಯರು. ದೊಡ್ಡಮ್ಮ ಅಳಲಿಲ್ಲ, ಗೋಳಾಡಲಿಲ್ಲ. ದಾರಿಯಲ್ಲಿ ಬರುತ್ತ ಒಂದೇ ಒಂದು ಮಾತು ಹೇಳಿದ್ದಳು.

"ನನ್ನ ಪದಗಳು ಅಚ್ಚಾಗೋದನ್ನ ಈ ಕಣ್ಣಲ್ಲೇ ನೋಡಿಬಿಟ್ರೆ ಸಾಕು ಪುಟ್ಟಿ. ಆಮೇಲೆ ಕಣ್ಣಿಗೆ ರಜಾ ಕೊಟ್ಟುಬಿಡ್ತೀನಿ."

ಹೊಸ ಸಂಪಾದಕನ ಸುದ್ದಿ ಕೇಳಿ ದೊಡ್ಡಮ್ಮ ಅವನಿಗೆ ಅಂದೇ ಹೆಸರಿಟ್ಟಳು. ಕತ್ತರಿರಾಯ. ಅಂದಿನಿಂದ ದಿನಾ ಸಂಜೆ ಒಂದೇ ಪ್ರಶ್ನೆ: ನಿಮ್ಮ ಕತ್ತರಿರಾಯ ಇವತ್ತು ಏನಂದ?

ಕತ್ತರಿರಾಯನನ್ನು ದ್ವೇಷಿಸಬೇಕೆಂದು ಪುಟ್ಟಿ ಗಟ್ಟಿಮನಸ್ಸು ಮಾಡಿಕೊಂಡಿದ್ದಳು. ಒಂದು ವಾರ ಯಶಸ್ವಿಯೂ ಆದಳು.

ಆದರೆ ದಿನಾ ಮಧ್ಯಾಹ್ನ ಮೂರಕ್ಕೆ ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಿದ್ದ. ಅವಳು ಚೀಟಿ ಓದಬೇಕು, ಅವನು ಕೇಳಬೇಕು. ಅವನಿಗೆ ಅವಸರವೆಂಬುದೇ ಇರಲಿಲ್ಲ. ಒಂದು ಪದ ಇಷ್ಟವಾದರೆ ಅದನ್ನು ಮೆಲುದನಿಯಲ್ಲಿ ಎರಡು ಮೂರು ಸಲ ಹೇಳಿಕೊಳ್ಳುತ್ತಿದ್ದ.

'ಓವರ್‌ಮಾರೋ' ಬಂದ ದಿನ ಅವನು ಮೇಜು ತಟ್ಟಿದ. ಅದರ ಅರ್ಥ ನಾಡಿದ್ದು. ಇದ್ದ ಒಂದು ಪದವನ್ನು ಕಳೆದುಕೊಂಡು ಇಂಗ್ಲಿಷರು ಈಗ ನಾಳೆಯ ನಂತರದ ದಿನ ಎಂದು ಸುತ್ತಿ ಬಳಸಿ ಹೇಳುತ್ತಾರಲ್ಲ, ನಮ್ಮಜ್ಜಿ ಆಚೆನಾಡಿದ್ದು ಅಂತಾನೂ ಅನ್ನುತ್ತಿದ್ದರು ಎಂದು ಅವನು ಜಂಬದಿಂದ ಹೇಳಿದ. ಅಜ್ಜಿಯೇ ಆ ಪದವನ್ನು ಕಂಡುಹಿಡಿದಂತಿತ್ತು ಅವನ ಮುಖ. ಪುಟ್ಟಿಗೆ ನಗು ಬಂತು. ತಡೆದುಕೊಂಡಳು. ಆಮೇಲೆ ತಡೆಯಲಾಗಲಿಲ್ಲ.

'ಗ್ರೋಕ್' ಅಂದರೆ ತಿನ್ನುವವರ ಬಾಯಿಯನ್ನೇ ಆಸೆಯಿಂದ ನೋಡುತ್ತ ನಿಲ್ಲುವುದು. ಆ ಪದ ಕಲಿತ ಮೇಲೆ ಅವನು ಅವಳ ಊಟದ ಡಬ್ಬಿಯ ಎದುರು ಅದನ್ನೇ ಮಾಡತೊಡಗಿದ. ಅರ್ಧ ಡಬ್ಬಿ ಅವನ ಪಾಲಾಯಿತು. ಒಂದು ವಾರದಲ್ಲಿ ದೊಡ್ಡಮ್ಮ ಕೇಳಿದಳು, ಇತ್ತೀಚೆಗೆ ನಿನ್ನ ಡಬ್ಬಿ ಯಾಕೆ ದೊಡ್ಡದಾಗಿದೆ ಅಂತ.

ಮತ್ತೊಂದು ದಿನ ಬಂದ ಪದ 'ಅಪ್ರಿಸಿಟಿ'. ಚಳಿಗಾಲದ ಬಿಸಿಲಿನ ಹಿತ. ದೊಡ್ಡಮ್ಮ ಎಳೆಬಿಸಿಲು ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಬಿಸಿಲು ಬೇರೆ, ಬಿಸಿಲಿನ ಹಿತ ಬೇರೆ ಎಂದು ಅವನ ವಾದ. ಎರಡೂ ಒಂದೇ ಎಂದು ಅವಳದು. ಕೊನೆಗೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ಇಬ್ಬರೂ ಕುರ್ಚಿ ಹೊತ್ತುಕೊಂಡು ಹೋಗಿ ಪಡಸಾಲೆಯಲ್ಲಿ ಬಿಸಿಲು ಬಿದ್ದ ಜಾಗದಲ್ಲಿ ಕೂತರು.

ಅವನು ಕಣ್ಣು ಮುಚ್ಚಿಕೊಂಡಿದ್ದ. ಕಿವಿಯ ಬಳಿ ಎರಡು ಬಿಳಿಕೂದಲು. ಅವನ ಅಂಗಿಯ ತೋಳಿನ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು.

ಇದನ್ನ ನಾನೇ ಹೊಲಿದುಕೊಡಬೇಕು ಅಂತ ನನಗ್ಯಾಕೆ ಅನ್ನಿಸ್ತಿದೆ...?

ಅವಳು ಬೆಚ್ಚಿ ಎದ್ದು ಒಳಗೆ ಹೋದಳು. ಅಂದೇ ಅವಳಿಗೆ ತಿಳಿದುಹೋಯಿತು. ಕತ್ತರಿ ಹಿಡಿದು ಬಂದವನ ಮೇಲೇ ಮನಸ್ಸು ಹೋಗಿತ್ತು.

ದೊಡ್ಡಮ್ಮನ ಕಣ್ಣಿನ ವಿಷಯವನ್ನು ಅವಳು ಅವನಿಗೆ ಹೇಳಿದ್ದೂ ಆ ವಾರವೇ. ಶಿಫಾರಸು ಎಂದುಕೊಳ್ಳಬೇಡಿ, ನಿಮ್ಮ ತೀರ್ಮಾನ ನಿಮ್ಮದು ಎಂದೂ ಸೇರಿಸಿದ್ದಳು. ಅವನು ತಲೆಯಾಡಿಸಿದ.

ಮೂರು ತಿಂಗಳು ಮುಗಿದ ಶುಕ್ರವಾರ, ಮಧ್ಯಾಹ್ನ, ಅವನು ಪೆಟ್ಟಿಗೆಯನ್ನು ತಂದು ಅವಳ ಮೇಜಿನ ಮೇಲಿಟ್ಟ. ಕಿವಿ ಕೆಂಪಾಗಿತ್ತು. "ನೋಡಿ. ಕೊನೇತನಕ ನೋಡಿ," ಎಂದಷ್ಟೇ ಹೇಳಿ ಸಮಿತಿಯ ಸಭೆಗೆ ಓಡಿದ.

ಅವಳು ಮುಚ್ಚಳ ತೆಗೆದಳು.

ಮುಂದೆ ಒಂದಿಷ್ಟು ಚೀಟಿಗಳು ಬೇರೆಯಾಗಿ ನಿಂತಿದ್ದವು. ಎಣಿಸಿದಳು, ಮೂವತ್ತೊಂದು. ಅವುಗಳ ಹಿಂದೊಂದು ರಟ್ಟು. ರಟ್ಟಿನ ಹಿಂದೆ ಪೆಟ್ಟಿಗೆಯ ಉದ್ದಕ್ಕೂ ದೊಡ್ಡಮ್ಮನ ಚೀಟಿಗಳು, ಒಂದೊಂದರ ಬಲಮೂಲೆಯೂ ಅಚ್ಚುಕಟ್ಟಾಗಿ ಮಡಿಸಿತ್ತು.

ಅವಳು ಮೊದಲ ಕೆಲವನ್ನು ಸರಿಸಿ ನೋಡಿದಳು.

ಆ ಕಚೇರಿಯಲ್ಲಿ ಮಡಿಸಿದ ಮೂಲೆಗೆ ಒಂದೇ ಅರ್ಥ. ಈ ಪದ ಬೇಡ. ಹಿರಿಯ ಸಂಪಾದಕರು ನಲವತ್ತು ವರ್ಷದ ಹಿಂದೆ ಶುರುಮಾಡಿದ ರೂಢಿ ಅದು. ಎಲ್ಲೂ ಬರೆದಿಟ್ಟಿರಲಿಲ್ಲ, ಬಂದವರೆಲ್ಲ ನೋಡಿ ಕಲಿತಿದ್ದರು. ಮೂಲೆ ಮಡಿಸಿದ ಚೀಟಿಗಳನ್ನೆಲ್ಲ ಶನಿವಾರ ಒಟ್ಟುಮಾಡಿ ರದ್ದಿಗೆ ಹಾಕುತ್ತಿದ್ದರು.

ಏಳುನೂರ ನಲವತ್ತೆರಡರಲ್ಲಿ ಉಳಿದಿದ್ದು ಮೂವತ್ತೊಂದು. ಅದೂ ಎಂಥವು! ಯಾವ ಪುಸ್ತಕದ್ದೋ ನೆನಪಿಲ್ಲ ಎಂದು ದೊಡ್ಡಮ್ಮನೇ ಅನುಮಾನಪಟ್ಟಿದ್ದ ಪದಗಳು. ನಾಡಿದ್ದು ಹೋಗಿತ್ತು. ಬಿಸಿಲಿನ ಹಿತ ಹೋಗಿತ್ತು.

ಜೊತೆಗೆ ಕೂತು ನಕ್ಕಿದ್ದು, ಡಬ್ಬಿಯಲ್ಲಿ ಕೈ ಹಾಕಿ ತಿಂದಿದ್ದು... ಎಲ್ಲಾ ಕೇಳಿಸ್ಕೊಂಡು ಕೊನೆಗೆ ಇದಾ?

ಮುಂದಕ್ಕೆ ನೋಡುವ ಶಕ್ತಿ ಅವಳಿಗಿರಲಿಲ್ಲ. ಮುಚ್ಚಳ ಹಾಕಿದಳು. ನಾಳೆ ಶನಿವಾರ. ಇಡೀ ಪೆಟ್ಟಿಗೆಯನ್ನು ದೊಡ್ಡ ಚೀಲಕ್ಕೆ ತುಂಬಿದಳು. ಮೂವತ್ತೊಂದರ ಭಿಕ್ಷೆಯೂ ಬೇಡವಾಗಿತ್ತು.

ಹೊರಡುವಾಗ ಅವನು ಬಾಗಿಲಲ್ಲಿ ಸಿಕ್ಕ. ಏದುಸಿರು ಬಿಡುತ್ತಿದ್ದ, ಸಭೆಯಿಂದ ಓಡಿಬಂದಿರಬೇಕು.

"ನೋಡಿದ್ರಾ?"

"ನೋಡಿದೆ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಯ್ತು." ಅವಳು ಚೀಲವನ್ನು ಹೆಗಲಿಗೇರಿಸಿದಳು. "ಇನ್ನು ಈ ವಿಷಯ ನನ್ನ ಹತ್ತಿರ ಎತ್ತಬೇಡಿ."

ಅವನ ಮುಖ ಇಳಿದುಹೋಯಿತು.

"ಆಯ್ತು. ಎತ್ತಲ್ಲ."

ಅಪರಾಧ ಮಾಡಿದವನು ಇಷ್ಟು ನೋವಿನಿಂದ ಯಾಕೆ ನೋಡಬೇಕು ಎಂದು ಅವಳು ಬಸ್ಸಿನಲ್ಲಿ ಕೂತು ಯೋಚಿಸಿದಳು. ಉತ್ತರ ಸಿಗದಿದ್ದಾಗ ಕೋಪವನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಮರುವಾರವಿಡೀ ಅವಳು ರಜೆ ಹಾಕಿದಳು. ಪೆಟ್ಟಿಗೆ ಬೀರುವಿನಲ್ಲಿ, ಹಾಸಿಗೆ ಬಟ್ಟೆಗಳ ಹಿಂದೆ ಕೂತಿತು. ಕತ್ತರಿರಾಯ ಏನಂದ ಎಂದು ದೊಡ್ಡಮ್ಮ ಕೇಳಿದಾಗ ಇನ್ನೂ ನೋಡ್ತಿದ್ದಾರಂತೆ ಎಂದಳು. ತಲೆನೋವಿಗೆ ರಜೆ ಎಂದಳು. ಸುಳ್ಳಿಗೆ ಸುಳ್ಳು ಸೇರಿಸುತ್ತ ಹೋದಳು. ದೊಡ್ಡಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿಯಲ್ಲ. ಆದರೆ ಮೂವತ್ತೆರಡು ವರ್ಷ ಬೇರೆಯವರ ಮಾತು ಕೇಳಿಯೂ ಕೇಳದಂತಿದ್ದವಳು, ಈಗಲೂ ಹಾಗೇ ಇದ್ದಳು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಅಂಚೆಯಲ್ಲಿ ಒಂದು ಕಾಗದ ಬಂತು. ದೊಡ್ಡಮ್ಮನ ಹೆಸರಿಗೆ, ನಿಘಂಟು ಕಚೇರಿಯಿಂದ.

ಪುಟ್ಟಿ ಮುಚ್ಚಿಟ್ಟಿದ್ದನ್ನು ಅವನೇ ಬರೆದುಬಿಟ್ಟನೇ? ಕಾಗದವನ್ನು ಬಚ್ಚಿಡುವ ಯೋಚನೆಯೂ ಬಂತು. ಅಷ್ಟರಲ್ಲಿ ದೊಡ್ಡಮ್ಮ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಆಗಿತ್ತು.

"ಅಕ್ಷರ ಸಣ್ಣದು. ನೀನೇ ಓದು."

ಅವಳು ಓದತೊಡಗಿದಳು. ಮಾನ್ಯರೇ, ತಮ್ಮ ಸಂಗ್ರಹದ ಏಳುನೂರ ನಲವತ್ತೆರಡು ಪದಗಳಲ್ಲಿ ಏಳುನೂರ ಹನ್ನೊಂದನ್ನು ಹೊಸ ಆವೃತ್ತಿಗೆ ಆರಿಸಿಕೊಂಡಿದ್ದೇನೆ...

ಅವಳ ನಾಲಿಗೆ ನಿಂತಿತು. ಅದೇ ಸಾಲನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದಳು. ಏಳುನೂರ ಹನ್ನೊಂದು.

"ನಿಲ್ಲಿಸಿದ್ದು ಯಾಕೆ? ಮುಂದೆ ಓದು."

ಅಚ್ಚಿಗೆ ಒಪ್ಪಿದ ಹಾಳೆಯ ಮೂಲೆ ಮಡಿಸುವುದು ತಾನು ಹಿಂದೆ ಇದ್ದ ಮುದ್ರಣಾಲಯದ ಅಭ್ಯಾಸ ಎಂದು ಅವನು ಬರೆದಿದ್ದ. ಅದೇ ಅಭ್ಯಾಸಬಲದಿಂದ ಇಲ್ಲೂ ಮಡಿಸಿದೆ, ಇಷ್ಟು ಜೋಪಾನದಿಂದ ಇಟ್ಟ ಚೀಟಿಗಳನ್ನು ತಮ್ಮನ್ನು ಕೇಳದೆ ಹಾಗೆ ಮಾಡಿದ್ದು ತಪ್ಪು. ಅದರಿಂದಲೇ ಬೇಸರವಾಗಿ ತಾವು ಪೆಟ್ಟಿಗೆಯನ್ನು ಹಿಂದಕ್ಕೆ ತರಿಸಿಕೊಂಡಿದ್ದರೆ ಕ್ಷಮೆಯಿರಲಿ. ಸಮಿತಿಯನ್ನು ಹೇಗೋ ಒಪ್ಪಿಸಿದ್ದೇನೆ. ಶುಕ್ರವಾರ ಸಂಜೆ ಐದರೊಳಗೆ ಚೀಟಿಗಳು ಬಂದರೆ ಅಚ್ಚಿಗೆ ಹೋಗುತ್ತವೆ, ಇಲ್ಲವಾದರೆ ಈ ಆವೃತ್ತಿ ಅವಿಲ್ಲದೆಯೇ ಬರುತ್ತದೆ. ತಮ್ಮ ಭಾಗದ ಮೊದಲ ಕರಡನ್ನು ದಪ್ಪ ಅಕ್ಷರದಲ್ಲಿ ತೆಗೆದು ಎರಡೇ ವಾರದಲ್ಲಿ ತಮಗೆ ಕಳಿಸುವಂತೆ ಮುದ್ರಣಾಲಯಕ್ಕೆ ಹೇಳಿಟ್ಟಿದ್ದೇನೆ. ಅದನ್ನು ತಾವೇ ಓದಬೇಕು.

ಪುಟ್ಟಿಗೆ ಮುಂದಿನ ಅಕ್ಷರ ಕಾಣಲಿಲ್ಲ. ಕಣ್ಣು ತುಂಬಿ ಕಾಗದದ ಮೇಲೆ ಎರಡು ಹನಿ ಬಿದ್ದವು.

"ಇನ್ನೂ ಇದೆಯಾ?" ದೊಡ್ಡಮ್ಮನ ದನಿಯೂ ಒದ್ದೆಯಾಗಿತ್ತು.

ಇತ್ತು. ಕೊನೆಯಲ್ಲಿ ಎರಡೇ ಸಾಲು. ಪೆಟ್ಟಿಗೆಯ ತುದಿಯಲ್ಲಿ ನನ್ನದೊಂದು ಚೀಟಿ ಸೇರಿಕೊಂಡಿದೆ. ಅದಕ್ಕೆ ಉತ್ತರ ಸಿಕ್ಕಿದೆ, ದಯವಿಟ್ಟು ಹರಿದುಬಿಡಿ.

ಅವಳು ಬೀರುವಿನತ್ತ ಓಡಿದಳು. ಹಾಸಿಗೆ ಬಟ್ಟೆಗಳು ನೆಲಕ್ಕೆ ಬಿದ್ದವು. ಪೆಟ್ಟಿಗೆಯನ್ನು ತಂದು ದೊಡ್ಡಮ್ಮನ ಕಾಲ ಬಳಿ ಇಟ್ಟು, ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿಕೊಂಡಳು. ಹಿಂದಿನ ಶುಕ್ರವಾರ ಕಂಡ ಮಡಿಸಿದ ಮೂಲೆ, ಬಾಗಿಲಲ್ಲಿ ಆಡಿದ ಮಾತು, ವಾರದ ಸುಳ್ಳು. ದೊಡ್ಡಮ್ಮ ಬೈಯಲಿಲ್ಲ. ಮಾತು ಮುಗಿಯುವವರೆಗೆ ಅವಳ ತಲೆ ಸವರುತ್ತಿದ್ದಳು. ಆಮೇಲೆ ಬಗ್ಗಿ ಪೆಟ್ಟಿಗೆಯ ಹಿಂಭಾಗಕ್ಕೆ ಬೆರಳು ಹಾಕಿ, ಚೀಟಿಗಳನ್ನು ಮುಟ್ಟುತ್ತ ಹೋಗಿ, ಕಟ್ಟಕಡೆಯದನ್ನು ಹೊರಗೆಳೆದಳು.

"ಇದು ನಂದಲ್ಲ. ಇದರ ಕಾಗದ ದಪ್ಪ. ಏನು ಬರೆದಿದ್ದಾನೆ?"

ಅವನ ಓರೆ ಅಕ್ಷರ. ಪದ: 'ರೆಡಮನ್ಸಿ'. ಹಳೆಯದು, ಈಗ ಬಳಕೆಯಲ್ಲಿಲ್ಲ. ಅರ್ಥ: ತನ್ನನ್ನು ಪ್ರೀತಿಸಿದವರನ್ನು ತಾನೂ ಪ್ರೀತಿಸುವುದು. ಉದಾಹರಣೆ: ನೀವು ಒಪ್ಪಿದರೆ, ನಾವಿಬ್ಬರು.

ಪುಟ್ಟಿ ಗಟ್ಟಿಯಾಗಿ ಓದಿ ಮುಗಿಸಿದಳು. ಓದಿದ ಮೇಲೆ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅದೂ ದೊಡ್ಡಮ್ಮನ ಸೆರಗಿನಲ್ಲಿ.

ಇನ್ನು ಈ ವಿಷಯ ನನ್ನ ಹತ್ತಿರ ಎತ್ತಬೇಡಿ... ಅಯ್ಯೋ, ಅವರು ಏನಂದ್ಕೊಂಡಿರಬೇಡ!

"ಅವನು ಚೀಟಿ ಬರೆದಿಟ್ಟು ಓಡಿದ. ನೀನು ಅರ್ಧ ನೋಡಿ ಪೆಟ್ಟಿಗೆ ಹೊತ್ಕೊಂಡು ಬಂದೆ," ಎಂದಳು ದೊಡ್ಡಮ್ಮ. "ಇಬ್ಬರಿಗೂ ದೇವರು ಬಾಯಿ ಕೊಟ್ಟಿದ್ದು ಊಟಕ್ಕೆ ಮಾತ್ರಾನಾ? ಏಳು. ಮುಖ ತೊಳ್ಕೊ. ಗಂಟೆ ಎಷ್ಟು?"

ಹನ್ನೊಂದಾಗಿತ್ತು. ಅಡುಗೆಮನೆಗೆ ಹೋದ ದೊಡ್ಡಮ್ಮ ತಡಕಾಡಿ ಊಟದ ಡಬ್ಬಿ ತುಂಬಿದಳು. ದೊಡ್ಡ ಡಬ್ಬಿಯನ್ನೇ ತುಂಬಿದಳು.

ಬಸ್ಸಿನಲ್ಲಿ ಪೆಟ್ಟಿಗೆ ಅವಳ ಮಡಿಲಲ್ಲಿತ್ತು. ಏನು ಹೇಳಬೇಕೆಂದು ಅವಳು ಹತ್ತು ಸಲ ಮನಸ್ಸಿನಲ್ಲೇ ಬರೆದು ಹತ್ತು ಸಲ ಅಳಿಸಿದಳು. ಉದಾಹರಣೆಯ ಪಕ್ಕ ಒಪ್ಪಿದ್ದೇನೆ ಎಂದು ಬರೆದು ಅವನ ಮೇಜಿನ ಮೇಲಿಟ್ಟು ಬಂದುಬಿಡಬಹುದಿತ್ತು. ಪೆನ್ನನ್ನೂ ತೆಗೆದಳು. ತೆಗೆದು ಮತ್ತೆ ಚೀಲಕ್ಕೆ ಹಾಕಿದಳು.

ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಕಪಾಟಿನ ಖಾಲಿ ಜಾಗದ ಎದುರು ನಿಂತು ಗಡಿಯಾರ ನೋಡುತ್ತಿದ್ದ. ಮುಖ ಸೊರಗಿತ್ತು. ಅವಳನ್ನು ಕಂಡು ಮಾತಾಡಲು ಬಾಯಿ ತೆರೆದವನು, ಕೊಟ್ಟ ಮಾತು ನೆನಪಾಗಿ ಸುಮ್ಮನಾದ.

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ನಮ್ಮ ಕಚೇರೀಲಿ ಮೂಲೆ ಮಡಿಸೋದು ಪದ ಬೇಡ ಅಂದಾಗ. ಮಡಿಸಿದ್ದೆಲ್ಲ ಶನಿವಾರ ರದ್ದಿಗೆ ಹೋಗುತ್ತೆ. ನಿಮಗೆ ಯಾರೂ ಹೇಳಿರಲಿಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ."

ಅವನು ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. ನಿಧಾನವಾಗಿ ಎಲ್ಲ ಹೊಳೆಯತೊಡಗಿತು.

"ಅಂದ್ರೆ... ಅವತ್ತು ನೀವು ಹೇಳಿದ್ದು..."

"ದೊಡ್ಡಮ್ಮನ ಪದಗಳ ಬಗ್ಗೆ. ನಿಮ್ಮ ಚೀಟಿ ನಾನು ನೋಡಿದ್ದು ಇವತ್ತು."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಕಿವಿ ಮತ್ತೆ ಕೆಂಪಾಯಿತು. "ಹರಿದು ಹಾಕಿದ್ರಾ?"

"ಇಲ್ಲ. ಬರೆದು ಉತ್ತರ ಕೊಡೋಣ ಅಂದ್ಕೊಂಡೆ. ಆದ್ರೆ ನಾವಿಬ್ಬರೂ ಕಾಗದ ನಂಬಿ ಒಂದು ವಾರ ಹಾಳುಮಾಡಿದ್ದು ಸಾಕು." ಅವಳು ಉಸಿರೆಳೆದುಕೊಂಡಳು. ಕಣ್ಣು ಅವನ ಮೇಲೇ ಇತ್ತು. "ನಂಗೆ ನೀವು ಇಷ್ಟ. ತುಂಬಾ ಇಷ್ಟ. ಇನ್ಮೇಲೆ ಏನಿದ್ರೂ ಬಾಯಿಬಿಟ್ಟು ಕೇಳ್ತೀನಿ, ನೀವೂ ಬಾಯಿಬಿಟ್ಟು ಹೇಳಿ."

ಅವನು ಹತ್ತಿರ ಬಂದ. ಮೂರು ತಿಂಗಳು ಪದಗಳ ನಡುವೆ ಕೂತವನಿಗೆ ಈಗ ಒಂದು ಪದವೂ ಸಿಗಲಿಲ್ಲ. ಅವಳ ಕೈ ಹಿಡಿದುಕೊಂಡು ಹಾಗೇ ನಿಂತ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಮದುವೆ ಆಗೋಣ್ವಾ?" ಎಂದ ಕೊನೆಗೆ, ಬಹಳ ಮೆತ್ತಗೆ.

"ಹ್ಞೂಂ."

"ದೊಡ್ಡಮ್ಮನ್ನ ಕೇಳಬೇಕಲ್ವಾ?"

"ನನ್ನ ಕಳಿಸಿದ್ದೇ ಅವರು."

"ಏನಂದ್ರು?"

"ಮೊದಲು ಪುಸ್ತಕ ಅಚ್ಚಾಗಲಿ, ಆಮೇಲೆ ಲಗ್ನಪತ್ರಿಕೆ ಅಚ್ಚು ಹಾಕಿಸೋಣ ಅಂದ್ರು. ಎರಡನ್ನೂ ಅವರೇ ಓದಬೇಕಂತೆ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಗಡಿಯಾರದಲ್ಲಿ ಹನ್ನೆರಡು ಹೊಡೆಯಿತು. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು, ಚೀಟಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಅವನ ಮುಂದೆ ಸರಿಸಿದಳು.

"ಕೂತ್ಕೊಳ್ಳಿ. ಐದು ಗಂಟೆ ಒಳಗೆ ಏಳುನೂರ ಹನ್ನೊಂದು ಮೂಲೆ ಬಿಡಿಸಬೇಕು."

"ಇಬ್ಬರೂ ಸೇರಿದ್ರೆ ನಾಲ್ಕಕ್ಕೇ ಮುಗಿಯುತ್ತೆ," ಎಂದು ಅವನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.